ತಿಗಣೆಗಳ ಸಂತಾನೋತ್ಪತ್ತಿ ಮತ್ತು ಜೀವನಚಕ್ರ

ತಿಗಣೆಯು ಮನುಷ್ಯ ಹಾಗೂ ಇತರ ಬಿಸಿರಕ್ತದ ಪ್ರಾಣಿಗಳ ರಕ್ತವನ್ನು ಮಾತ್ರ ಸೇವಿಸಿ ಬದುಕುವ, ರೆಕ್ಕೆಗಳಿಲ್ಲದ ಬಾಹ್ಯ ಪರಾವಲಂಬಿ ಕೀಟವಾಗಿದೆ. ಇದರ ಜೀವನಚಕ್ರವು ಮೊಟ್ಟೆ, ಐದು ಮರಿಹಂತಗಳು ಹಾಗೂ ಪ್ರೌಢಾವಸ್ಥೆಗಳನ್ನು ಒಳಗೊಂಡಿದೆ. ಮೊಟ್ಟೆಯನ್ನು ಹೊರತುಪಡಿಸಿ ಉಳಿದೆಲ್ಲ ಹಂತಗಳಲ್ಲಿಯೂ ರಕ್ತವೇ ಏಕೈಕ ಆಹಾರವಾಗಿದ್ದು, ರಕ್ತ ದೊರೆಯದೆ ಮರಿಯು ಮುಂದಿನ ಹಂತಕ್ಕೆ ಬೆಳೆಯಲಾರದು. ಹೆಣ್ಣು ಮೊಟ್ಟೆಗಳನ್ನು ಇಡುತ್ತ ಹೋಗಲಾರದು.

ತಿಗಣೆಗಳ ಸಂತಾನೋತ್ಪತ್ತಿಯು ಎರಡು ಕಾರಣಗಳಿಂದ ಕೀಟಶಾಸ್ತ್ರದಲ್ಲಿ ವಿಶೇಷ ಗಮನ ಸೆಳೆದಿದೆ. ಮೊದಲನೆಯದು, ಗಂಡು ತಿಗಣೆಯು ಹೆಣ್ಣಿನ ಉದರದ ಚರ್ಮವನ್ನು ಚುಚ್ಚಿ ವೀರ್ಯವನ್ನು ನೇರವಾಗಿ ದೇಹದೊಳಕ್ಕೆ ಸೇರಿಸುವ ಅಸಾಮಾನ್ಯ ವಿಧಾನ. ಎರಡನೆಯದು, ಗರ್ಭಧರಿಸಿದ ಒಂದೇ ಹೆಣ್ಣಿನಿಂದ ಒಂದು ಮನೆಯಲ್ಲಿ ಹೊಸ ಸಂತತಿ ನೆಲೆಗೊಳ್ಳಬಲ್ಲ ಸಾಮರ್ಥ್ಯ. ಒಮ್ಮೆ ಔಷಧ ಸಿಂಪಡಿಸಿದ ಕೆಲವೇ ವಾರಗಳಲ್ಲಿ ತಿಗಣೆಗಳು ಮತ್ತೆ ಕಾಣಿಸಿಕೊಳ್ಳುವುದಕ್ಕೆ ಮುಖ್ಯ ಕಾರಣವನ್ನು ಇವುಗಳ ಜೀವನಚಕ್ರದಲ್ಲಿಯೇ ಕಾಣಬಹುದು.

ಹೆಸರು ಮತ್ತು ವರ್ಗೀಕರಣ

ಕನ್ನಡದಲ್ಲಿ ತಿಗಣೆ ಎಂಬ ರೂಪದೊಂದಿಗೆ ತಗಣೆ, ತಗಣಿ ಎಂಬ ರೂಪಗಳೂ ಬಳಕೆಯಲ್ಲಿವೆ. ಸಂಸ್ಕೃತದಲ್ಲಿ ಇದನ್ನು ಮತ್ಕುಣ ಎಂದು ಕರೆಯಲಾಗುತ್ತದೆ. ತಿಗಣೆಗಳು ಹೆಮಿಪ್ಟೆರಾ ಗಣದ ಸೈಮಿಸಿಡೇ ಕುಟುಂಬಕ್ಕೆ ಸೇರಿವೆ. ಈ ಕುಟುಂಬದಲ್ಲಿ ಸುಮಾರು 100 ಪ್ರಭೇದಗಳಿದ್ದು, ಅವುಗಳಲ್ಲಿ ಬಹುಪಾಲು ಬಾವಲಿ ಮತ್ತು ಪಕ್ಷಿಗಳನ್ನು ಅವಲಂಬಿಸಿವೆ.

ಮನುಷ್ಯರ ವಾಸಸ್ಥಾನಗಳಲ್ಲಿ ವ್ಯಾಪಕವಾಗಿ ಕಂಡುಬರುವ ಪ್ರಭೇದಗಳು ಎರಡು. ಸೈಮೆಕ್ಸ್ ಲೆಕ್ಟುಲೇರಿಯಸ್ ಅಥವಾ ಸಾಮಾನ್ಯ ತಿಗಣೆಗೆ ಕಾರ್ಲ್ ಲಿನೇಯಸ್ 1758ರಲ್ಲಿ ಈ ಹೆಸರನ್ನು ನೀಡಿದನು. ಇದು ಸಮಶೀತೋಷ್ಣ ವಲಯದಲ್ಲಿ ಹೆಚ್ಚು. ಸೈಮೆಕ್ಸ್ ಹೆಮಿಪ್ಟೆರಸ್ ಅಥವಾ ಉಷ್ಣವಲಯದ ತಿಗಣೆಯನ್ನು ಫ್ಯಾಬ್ರೀಸಿಯಸ್ 1803ರಲ್ಲಿ ವರ್ಣಿಸಿದನು. ದಕ್ಷಿಣ ಭಾರತವೂ ಸೇರಿದಂತೆ ಉಷ್ಣ ಪ್ರದೇಶಗಳಲ್ಲಿ ಈ ಎರಡನೆಯ ಪ್ರಭೇದವು ಪ್ರಧಾನವಾಗಿದೆ. ಎರಡೂ ಪ್ರಭೇದಗಳ ಜೀವನಚಕ್ರವು ಬಹುಮಟ್ಟಿಗೆ ಒಂದೇ ರೀತಿಯದು. ಇವು ಒಟ್ಟಿಗೆ ಇರುವೆಡೆ ಪರಸ್ಪರ ಕೂಡುವುದುಂಟು. ಆದರೆ ಅಂತಹ ಕೂಡುವಿಕೆಯಿಂದ ದೊರೆಯುವ ಮೊಟ್ಟೆಗಳು ಸಾಮಾನ್ಯವಾಗಿ ಫಲಹೀನವಾಗಿರುತ್ತವೆ.

ಜೀವನಚಕ್ರದ ಹಂತಗಳು

ಚಿಟ್ಟೆ, ಸೊಳ್ಳೆ ಮೊದಲಾದ ಕೀಟಗಳಲ್ಲಿ ಕಾಣುವ ಕೋಶಾವಸ್ಥೆಯು ತಿಗಣೆಗಳಲ್ಲಿ ಇಲ್ಲ. ಮೊಟ್ಟೆಯಿಂದ ಹೊರಬರುವ ಮರಿಯು ಆಕಾರದಲ್ಲಿ ಪ್ರೌಢ ತಿಗಣೆಯನ್ನೇ ಹೋಲುತ್ತದೆ ಮತ್ತು ಪೊರೆ ಕಳಚುತ್ತ ದೊಡ್ಡದಾಗುತ್ತದೆ. ಈ ಬಗೆಯ ಬೆಳವಣಿಗೆಗೆ ಅಪೂರ್ಣ ರೂಪಾಂತರ ಎಂದು ಹೆಸರು. ವಿವಿಧ ಹಂತಗಳಲ್ಲಿ ತಿಗಣೆಯ ಅಂದಾಜು ಉದ್ದವು ಹೀಗಿದೆ:

- ಮೊಟ್ಟೆ: 1 ಮಿ.ಮೀ.
- ಮೊದಲನೆಯ ಮರಿಹಂತ: 1.5 ಮಿ.ಮೀ.
- ಎರಡನೆಯ ಮರಿಹಂತ: 2 ಮಿ.ಮೀ.
- ಮೂರನೆಯ ಮರಿಹಂತ: 2.5 ಮಿ.ಮೀ.
- ನಾಲ್ಕನೆಯ ಮರಿಹಂತ: 3 ಮಿ.ಮೀ.
- ಐದನೆಯ ಮರಿಹಂತ: 4.5 ಮಿ.ಮೀ.
- ಪ್ರೌಢ ತಿಗಣೆ: 5ರಿಂದ 7 ಮಿ.ಮೀ.

ಮೊಟ್ಟೆ

ತಿಗಣೆಯ ಮೊಟ್ಟೆಯು ಮುತ್ತಿನಂತೆ ಬೆಳ್ಳಗಿದ್ದು, ಉದ್ದವಾಗಿ, ತುಸು ಬಾಗಿದ ಆಕಾರದಲ್ಲಿರುತ್ತದೆ. ಅದರ ಒಂದು ತುದಿಯಲ್ಲಿ ಮುಚ್ಚಳವಿರುತ್ತದೆ. ಮರಿಯು ಈ ಮುಚ್ಚಳವನ್ನು ತಳ್ಳಿ ಹೊರಬರುತ್ತದೆ. ಮೊಟ್ಟೆಯಿಡುವಾಗ ಹೆಣ್ಣು ಸ್ರವಿಸುವ ಅಂಟು ಪದಾರ್ಥದಿಂದಾಗಿ ಮೊಟ್ಟೆಗಳು ಮರ, ಬಟ್ಟೆ, ಗೋಡೆಯ ಗಾರೆ ಮುಂತಾದ ಮೇಲ್ಮೈಗಳಿಗೆ ಬಿಗಿಯಾಗಿ ಅಂಟಿಕೊಳ್ಳುತ್ತವೆ. ಈ ಕಾರಣದಿಂದ ಹಾಸಿಗೆಯನ್ನು ಕೊಡವುವುದರಿಂದ ಅಥವಾ ಗುಡಿಸುವುದರಿಂದ ಅವು ಸುಲಭವಾಗಿ ಉದುರುವುದಿಲ್ಲ.

ತಿಗಣೆಯಲ್ಲಿ ಅಂಡದ ಫಲೀಕರಣವು ಅಂಡಾಶಯದೊಳಗೇ ನಡೆಯುವುದರಿಂದ, ಮೊಟ್ಟೆಯು ಹೊರಬರುವ ವೇಳೆಗೆ ಭ್ರೂಣದ ಬೆಳವಣಿಗೆ ಆರಂಭವಾಗಿರುತ್ತದೆ. ಸುಮಾರು ಐದು ದಿನಗಳಾದ ಮೊಟ್ಟೆಯಲ್ಲಿ ಭ್ರೂಣದ ಕಣ್ಣುಗಳು ಕೆಂಪು ಚುಕ್ಕೆಗಳಂತೆ ಕಾಣಿಸುತ್ತವೆ. ಸಾಮಾನ್ಯ ಕೋಣೆಯ ತಾಪಮಾನದಲ್ಲಿ 6ರಿಂದ 10 ದಿನಗಳಲ್ಲಿ ಮೊಟ್ಟೆ ಒಡೆಯುತ್ತದೆ. ಬೇಸಿಗೆಯಲ್ಲಿ ಈ ಅವಧಿ ಇನ್ನಷ್ಟು ಕಡಿಮೆಯಾಗುತ್ತದೆ, ಚಳಿಯಲ್ಲಿ ಹೆಚ್ಚುತ್ತದೆ. ಒಡೆದ ಮೊಟ್ಟೆಯ ಖಾಲಿ ಚಿಪ್ಪು ಬಹುಕಾಲ ಹಾಗೆಯೇ ಅಂಟಿಕೊಂಡಿರುತ್ತದೆ.

ಮರಿಹಂತಗಳು

ಮೊಟ್ಟೆಯಿಂದ ಆಗತಾನೆ ಹೊರಬಂದ ಮರಿ ತಿಗಣೆಯು (ಅಪ್ಸರೆ) ಬಹುತೇಕ ಬಣ್ಣರಹಿತವಾಗಿರುತ್ತದೆ. ಬಿಳಿಯ ಹಾಸಿನ ಮೇಲೆ ಅದನ್ನು ಬರಿಗಣ್ಣಿನಿಂದ ಗುರುತಿಸುವುದು ಕಷ್ಟ. ರಕ್ತ ಹೀರಿದ ಬಳಿಕ ಪಾರದರ್ಶಕವಾದ ಉದರದೊಳಗಿನ ರಕ್ತವು ಹೊರಗೆ ಕಾಣುವುದರಿಂದ ಮರಿಯು ಕೆಂಪು ಹನಿಯಂತೆ ತೋರುತ್ತದೆ. ಪ್ರತಿ ಹಂತದಲ್ಲಿಯೂ ಮರಿಯು ಕನಿಷ್ಠ ಒಮ್ಮೆಯಾದರೂ ಹೊಟ್ಟೆ ತುಂಬ ರಕ್ತ ಹೀರಬೇಕು. ಆ ನಂತರವಷ್ಟೇ ಪೊರೆ ಕಳಚಿ ಮುಂದಿನ ಹಂತವನ್ನು ತಲುಪುತ್ತದೆ. ಹೀಗೆ ಒಂದು ತಿಗಣೆಯು ಪ್ರೌಢವಾಗುವ ವೇಳೆಗೆ ಕನಿಷ್ಠ ಐದು ಬಾರಿ ರಕ್ತ ಸೇವಿಸಿ, ಐದು ಪೊರೆಗಳನ್ನು ಕಳಚಿರುತ್ತದೆ. ಮಂಚದ ಸಂದುಗಳಲ್ಲಿ ಹಾಗೂ ಹಾಸಿಗೆಯ ಹೊಲಿಗೆಗಳಲ್ಲಿ ದೊರೆಯುವ ಒಣ ಪೊರೆಗಳು ತಿಗಣೆಗಳ ಇರುವಿಕೆಗೆ ವಿಶ್ವಾಸಾರ್ಹ ಗುರುತಾಗಿವೆ.

ಮರಿಗಳು ಕೆಲವೇ ನಿಮಿಷಗಳಲ್ಲಿ ರಕ್ತ ಹೀರಿ ಮುಗಿಸುತ್ತವೆ. ಪ್ರೌಢ ತಿಗಣೆಗಳಿಗೆ 5ರಿಂದ 10 ನಿಮಿಷ ಅಥವಾ ತುಸು ಹೆಚ್ಚು ಸಮಯ ಬೇಕಾಗುತ್ತದೆ. ಮನುಷ್ಯನ ಉಸಿರಿನ ಇಂಗಾಲದ ಡೈಆಕ್ಸೈಡ್ ಹಾಗೂ ದೇಹದ ಶಾಖವು ಅವುಗಳಿಗೆ ದಾರಿ ತೋರುತ್ತವೆ. ಮೊದಲನೆಯ ಹಂತದ ಮರಿಯು ಇತರ ಹಂತಗಳಿಗಿಂತ ದುರ್ಬಲವಾಗಿದ್ದು, ಆಹಾರ ದೊರೆಯದಿದ್ದರೆ ಬೇಗನೆ ಸಾಯುತ್ತದೆ. ಹೆಣ್ಣು ತಿಗಣೆಯು ಮನುಷ್ಯರು ಮಲಗುವ ಸ್ಥಳದ ಸಮೀಪದಲ್ಲಿಯೇ ಮೊಟ್ಟೆಯಿಡುವುದು ಮರಿಗಳು ಬದುಕುಳಿಯಲು ಸಹಾಯಕವಾಗಿದೆ.

ಪ್ರೌಢಾವಸ್ಥೆ

ಪ್ರೌಢ ತಿಗಣೆಯು ಚಪ್ಪಟೆಯಾಗಿ, ಅಂಡಾಕಾರದಲ್ಲಿ, ಕೆಂಗಂದು ಬಣ್ಣದಲ್ಲಿರುತ್ತದೆ. ರೆಕ್ಕೆಗಳ ಜಾಗದಲ್ಲಿ ಎರಡು ಸಣ್ಣ ಫಲಕಗಳಷ್ಟೇ ಉಳಿದಿವೆ. ಗಂಡಿನ ಉದರದ ತುದಿ ಚೂಪಾಗಿಯೂ ಹೆಣ್ಣಿನ ಉದರದ ತುದಿ ದುಂಡಾಗಿಯೂ ಇರುತ್ತದೆ. ಬೆಚ್ಚಗಿನ ವಾತಾವರಣದಲ್ಲಿ ಪ್ರೌಢ ತಿಗಣೆಯು ಕೆಲವು ತಿಂಗಳುಗಳ ಕಾಲ ಜೀವಿಸುತ್ತದೆ. ತಂಪಾದ ವಾತಾವರಣದಲ್ಲಿ ಚಯಾಪಚಯ ಕ್ರಿಯೆಯು ನಿಧಾನವಾಗುವುದರಿಂದ ಆಯುಷ್ಯವು ಒಂದು ವರ್ಷವನ್ನೂ ಮೀರಬಹುದು.

ವೀರ್ಯಸೇಚನೆಯ ವಿಧಾನ

ತಿಗಣೆಗಳಲ್ಲಿ ವೀರ್ಯವು ಹೆಣ್ಣಿನ ಜನನಾಂಗದ ಮೂಲಕ ದೇಹವನ್ನು ಪ್ರವೇಶಿಸುವುದಿಲ್ಲ. ಹೆಣ್ಣಿನ ಜನನ ಮಾರ್ಗವು ಮೊಟ್ಟೆಯಿಡುವುದಕ್ಕೆ ಮಾತ್ರ ಬಳಕೆಯಾಗುತ್ತದೆ. ಗಂಡು ತಿಗಣೆಯು ಹೆಣ್ಣಿನ ಬೆನ್ನನ್ನೇರಿ, ತನ್ನ ಉದರವನ್ನು ಹೆಣ್ಣಿನ ಬಲಪಾರ್ಶ್ವದ ಕೆಳಭಾಗಕ್ಕೆ ಬಾಗಿಸಿ, ಕುಡುಗೋಲಿನಂತೆ ಬಾಗಿದ ಗಟ್ಟಿಯಾದ ಅಂಗದಿಂದ ಉದರದ ಭಿತ್ತಿಯನ್ನು ಚುಚ್ಚಿ, ವೀರ್ಯವನ್ನು ಒಳಗೆ ಸೇರಿಸುತ್ತದೆ. ಇದನ್ನು ಆಘಾತಕಾರಿ ವೀರ್ಯಸೇಚನೆ ಎಂದು ಕರೆಯುತ್ತಾರೆ. ಚುಚ್ಚಿದ ಸ್ಥಳದಲ್ಲಿ ಉಂಟಾದ ಗಾಯವು ನಂತರ ಕಪ್ಪು ಕಲೆಯಾಗಿ ಉಳಿಯುತ್ತದೆ.

ಹೆಣ್ಣಿನ ಉದರದ ಐದನೆಯ ಖಂಡದ ಕೆಳಭಾಗದಲ್ಲಿ, ಬಲಕ್ಕೆ, ಸಣ್ಣ ಸೀಳಿನಂತಹ ಒಂದು ತಗ್ಗು ಇದೆ. ಗಂಡು ಸಾಮಾನ್ಯವಾಗಿ ಚುಚ್ಚುವುದು ಇಲ್ಲಿಯೇ. ಇದರ ಒಳಗೆ ಕೀಟದ ರಕ್ತಕಣಗಳನ್ನು ಹೋಲುವ ಜೀವಕೋಶಗಳಿಂದ ತುಂಬಿದ ಒಂದು ಚೀಲವಿದೆ. ಈ ಇಡೀ ರಚನೆಗೆ ಸ್ಪರ್ಮಲೇಜ್ ಎಂದು ಹೆಸರು. ಒಳಗೆ ಸೇರಿದ ವೀರ್ಯಾಣುಗಳು ಈ ಚೀಲದಿಂದ ಹೊರಟು, ಕೀಟರಕ್ತದ ಮೂಲಕ ಈಜಿ, ಅಂಡನಾಳಗಳ ಬುಡದಲ್ಲಿರುವ ವೀರ್ಯಕೋಶಗಳನ್ನು ಸೇರುತ್ತವೆ. ಅಲ್ಲಿಂದ ನಾಳಗಳ ಭಿತ್ತಿಯೊಳಗೆ ಸಾಗಿ ಅಂಡಾಶಯವನ್ನು ತಲುಪುತ್ತವೆ. ಪ್ರತಿ ಅಂಡಾಶಯದಲ್ಲಿ ಏಳು ಅಂಡನಾಳಿಕೆಗಳಿರುತ್ತವೆ.

ಹೆಣ್ಣಿನ ಮೇಲಾಗುವ ಪರಿಣಾಮ

ಚರ್ಮದ ಮೇಲಿನ ಪ್ರತಿ ಗಾಯವೂ ಸೂಕ್ಷ್ಮಾಣುಗಳು ದೇಹವನ್ನು ಪ್ರವೇಶಿಸಲು ದಾರಿಯಾಗುತ್ತದೆ. ತಿಗಣೆಗಳು ವಾಸಿಸುವ ಸಂದುಗಳು ಮಲ ಹಾಗೂ ಹಳೆಯ ಪೊರೆಗಳಿಂದ ತುಂಬಿರುವುದರಿಂದ ಈ ಅಪಾಯವು ಸಣ್ಣದಲ್ಲ. ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದಲ್ಲಿ ಅಲಸ್ಟೇರ್ ಸ್ಟಟ್ ಮತ್ತು ಮೈಕೆಲ್ ಸಿವಾ-ಜೋತಿ ಅವರು 2001ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪದೇಪದೇ ಗಂಡುಗಳೊಡನೆ ಕೂಡಿದ ಹೆಣ್ಣುಗಳು ಕಡಿಮೆ ಬಾರಿ ಕೂಡಿದ ಹೆಣ್ಣುಗಳಿಗಿಂತ ಬೇಗ ಸಾಯುತ್ತವೆ. ಮೊಟ್ಟೆಗಳ ಫಲೀಕರಣಕ್ಕೆ ಅಗತ್ಯವಿರುವುದಕ್ಕಿಂತ ಹೆಚ್ಚು ಬಾರಿ ಹೆಣ್ಣು ಕೂಡುವಿಕೆಗೆ ಒಳಗಾಗುತ್ತದೆ ಎಂಬುದೂ ಅದರಿಂದ ತಿಳಿದುಬಂದಿತು. ಗಂಡಿಗೆ ಲಾಭವಾದ ನಡವಳಿಕೆಯೇ ಹೆಣ್ಣಿಗೆ ಹಾನಿಯಾಗುವ ಈ ಸ್ಥಿತಿಯನ್ನು ಜೀವವಿಕಾಸ ಶಾಸ್ತ್ರದಲ್ಲಿ ಲೈಂಗಿಕ ಸಂಘರ್ಷ ಎನ್ನುತ್ತಾರೆ. ಇದನ್ನು ವಿವರಿಸುವಾಗ ತಿಗಣೆಯ ಉದಾಹರಣೆಯನ್ನು ಹೆಚ್ಚಾಗಿ ನೀಡಲಾಗುತ್ತದೆ.

2003ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಕ್ಲಾಸ್ ರೈನ್‌ಹಾರ್ಟ್ ಮತ್ತು ಸಂಗಡಿಗರು, ಸ್ಪರ್ಮಲೇಜ್ ಅಂಗವು ಚುಚ್ಚುವಿಕೆಯೊಂದಿಗೆ ಒಳಬರುವ ರೋಗಾಣುಗಳಿಂದಾಗುವ ಹಾನಿಯನ್ನು ತಗ್ಗಿಸುತ್ತದೆ ಎಂದು ತೋರಿಸಿದರು. ಹೀಗೆ ಈ ಅಂಗವನ್ನು ಗಂಡಿನ ವರ್ತನೆಗೆ ಪ್ರತಿಯಾಗಿ ಹೆಣ್ಣಿನಲ್ಲಿ ವಿಕಾಸಗೊಂಡ ರಕ್ಷಣಾ ವ್ಯವಸ್ಥೆಯೆಂದು ಪರಿಗಣಿಸಲಾಗಿದೆ.

ಸಂಗಾತಿಯ ಗುರುತಿಸುವಿಕೆ

ಗಂಡು ತಿಗಣೆಯು ದೂರದಿಂದ ಹೆಣ್ಣನ್ನು ಗುರುತಿಸುವುದಿಲ್ಲ. ಆಗತಾನೆ ರಕ್ತ ಹೀರಿ ದೇಹ ಉಬ್ಬಿದ ಯಾವುದೇ ತಿಗಣೆಯನ್ನು ಅದು ಏರಲು ಯತ್ನಿಸುತ್ತದೆ. ಹೊಟ್ಟೆ ತುಂಬಿದ ಹೆಣ್ಣು ದೇಹವನ್ನು ಮುದುರಿಕೊಂಡು ಗಂಡನ್ನು ತಡೆಯಲಾರದು. ಆದ್ದರಿಂದ ಕೂಡುವಿಕೆಯು ಹೆಚ್ಚಾಗಿ ರಕ್ತಸೇವನೆಯ ಬೆನ್ನಲ್ಲೇ ನಡೆಯುತ್ತದೆ. ತಪ್ಪಾಗಿ ಏರಲ್ಪಟ್ಟ ಗಂಡುಗಳು ಹಾಗೂ ಮರಿಗಳು ವಾಸನೆಯುಳ್ಳ ಎಚ್ಚರಿಕೆಯ ರಾಸಾಯನಿಕಗಳನ್ನು ಹೊರಸೂಸುತ್ತವೆ. ಇದರಿಂದ ಏರಿದ ಗಂಡು ಹಿಂದೆ ಸರಿಯುತ್ತದೆ. ಗಂಡಿಗೆ ಸ್ಪರ್ಮಲೇಜ್ ಇಲ್ಲದಿರುವುದರಿಂದ ಇಂತಹ ಚುಚ್ಚುವಿಕೆ ಅದಕ್ಕೆ ಹೆಚ್ಚು ಅಪಾಯಕಾರಿ. ತಿಗಣೆಗಳ ಸಂಬಂಧಿಯಾದ, ಆಫ್ರಿಕಾದ ಬಾವಲಿಗಳ ಮೇಲೆ ಬದುಕುವ ಆಫ್ರೋಸೈಮೆಕ್ಸ್ ಕನ್‌ಸ್ಟ್ರಿಕ್ಟಸ್ ಪ್ರಭೇದದಲ್ಲಿ ಗಂಡುಗಳಲ್ಲಿಯೂ ಈ ಬಗೆಯ ಅಂಗವು ಕಂಡುಬರುತ್ತದೆ.

ಮೊಟ್ಟೆಯಿಡುವಿಕೆ

ಕ್ರಮವಾಗಿ ರಕ್ತ ದೊರೆಯುತ್ತಿರುವ ಹೆಣ್ಣು ತಿಗಣೆಯು ದಿನಕ್ಕೆ 1ರಿಂದ 5 ಮೊಟ್ಟೆಗಳನ್ನು ಇಡುತ್ತದೆ. ಜೀವಿತಾವಧಿಯಲ್ಲಿ ಇಡುವ ಮೊಟ್ಟೆಗಳ ಸಂಖ್ಯೆಯು ಸಾಮಾನ್ಯವಾಗಿ 200ರಷ್ಟಿದ್ದು, ಅತ್ಯಂತ ಅನುಕೂಲಕರ ಸ್ಥಿತಿಯಲ್ಲಿ 500ರವರೆಗೂ ಹೋಗಬಹುದು. ಒಮ್ಮೆ ಪಡೆದ ವೀರ್ಯವು ಸುಮಾರು 5ರಿಂದ 7 ವಾರಗಳವರೆಗೆ ಫಲವತ್ತಾದ ಮೊಟ್ಟೆಗಳನ್ನು ಇಡಲು ಸಾಕಾಗುತ್ತದೆ. ವೀರ್ಯ ಮುಗಿದ ನಂತರ ಹೆಣ್ಣು ಮತ್ತೊಮ್ಮೆ ಕೂಡಬೇಕಾಗುತ್ತದೆ. ಅಷ್ಟರಲ್ಲಿ ತನ್ನದೇ ಗಂಡು ಮರಿಗಳು ಪ್ರೌಢವಾಗಿದ್ದರೆ ಅವುಗಳೊಡನೆಯೂ ಕೂಡುತ್ತದೆ.

ಸಹಜೀವಿ ಬ್ಯಾಕ್ಟೀರಿಯಾದ ಪಾತ್ರ

ರಕ್ತದಲ್ಲಿ ಪ್ರೋಟೀನು ಹೇರಳವಾಗಿದ್ದರೂ ಬಿ ಗುಂಪಿನ ಜೀವಸತ್ವಗಳು ಕಡಿಮೆ. ಈ ಕೊರತೆಯನ್ನು ತುಂಬುವುದು ವೋಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ. ಅನೇಕ ಕೀಟಗಳಲ್ಲಿ ವೋಲ್ಬಾಕಿಯಾವು ಪರಾವಲಂಬಿಯಂತೆ ವರ್ತಿಸಿದರೆ, ತಿಗಣೆಯಲ್ಲಿ ಅದು ಅನಿವಾರ್ಯ ಸಹಜೀವಿಯಾಗಿದೆ. ಜಪಾನಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪ್ರತಿಜೈವಿಕ ಔಷಧದಿಂದ ವೋಲ್ಬಾಕಿಯಾವನ್ನು ನಾಶಪಡಿಸಿದಾಗ ತಿಗಣೆಗಳ ಬೆಳವಣಿಗೆ ಕುಂಠಿತವಾಗಿ ಮೊಟ್ಟೆಗಳ ಉತ್ಪಾದನೆ ಕುಸಿಯಿತು. ರಕ್ತಕ್ಕೆ ಬಿ ಜೀವಸತ್ವಗಳನ್ನು ಬೆರೆಸಿ ನೀಡಿದಾಗ ಅವು ಚೇತರಿಸಿಕೊಂಡವು. ಈ ಬ್ಯಾಕ್ಟೀರಿಯಾವು ಅಂಡಾಶಯದ ಮೂಲಕ ತಾಯಿಯಿಂದ ಮೊಟ್ಟೆಗಳಿಗೆ ದಾಟುತ್ತದೆ.

ತಾಪಮಾನ ಮತ್ತು ಆಹಾರದ ಪ್ರಭಾವ

ಜೀವನಚಕ್ರದ ವೇಗವನ್ನು ನಿರ್ಧರಿಸುವ ಮುಖ್ಯ ಅಂಶಗಳು ತಾಪಮಾನ ಮತ್ತು ಆಹಾರದ ಲಭ್ಯತೆ. ಸುಮಾರು 30 ಡಿಗ್ರಿ ಸೆಲ್ಸಿಯಸ್ ತಾಪಮಾನದಲ್ಲಿ, ಕ್ರಮವಾಗಿ ರಕ್ತ ದೊರೆತರೆ, ಮೊಟ್ಟೆಯಿಂದ ಪ್ರೌಢಾವಸ್ಥೆಯವರೆಗಿನ ಬೆಳವಣಿಗೆಯು ನಾಲ್ಕೈದು ವಾರಗಳಲ್ಲಿ ಮುಗಿಯುತ್ತದೆ. 18 ಡಿಗ್ರಿಯಲ್ಲಿ ಇದೇ ಬೆಳವಣಿಗೆಗೆ ಸುಮಾರು ನಾಲ್ಕು ತಿಂಗಳು ಬೇಕು. 13 ಡಿಗ್ರಿಗಿಂತ ಕೆಳಗೆ ಮೊಟ್ಟೆಗಳು ಒಡೆಯುವುದಿಲ್ಲ. ವರ್ಷದ ಬಹುಭಾಗ ಬೆಚ್ಚಗಿರುವ ಕರ್ನಾಟಕದಂತಹ ಪ್ರದೇಶಗಳಲ್ಲಿ ಚಳಿಗಾಲದ ವಿರಾಮವಿಲ್ಲದೆ ತಲೆಮಾರುಗಳು ಒಂದರ ಮೇಲೊಂದು ಬೆಳೆಯುತ್ತವೆ. ಹೀಗಾಗಿ ಒಂದೇ ಸಂದಿನಲ್ಲಿ ಎಲ್ಲ ಹಂತದ ತಿಗಣೆಗಳೂ ಒಟ್ಟಿಗೆ ಕಂಡುಬರುತ್ತವೆ.

ಪ್ರೌಢ ತಿಗಣೆಗಳು ಹಾಗೂ ಬೆಳೆದ ಮರಿಗಳು ಆಹಾರವಿಲ್ಲದೆ ಹಲವು ವಾರಗಳಿಂದ ತಿಂಗಳುಗಳವರೆಗೆ ಬದುಕಬಲ್ಲವು. ತಂಪಾದ ಸ್ಥಳದಲ್ಲಿ ಈ ಅವಧಿಯು ಒಂದು ವರ್ಷವನ್ನು ಮೀರಿದ ಉದಾಹರಣೆಗಳಿವೆ. ಬಿಸಿಯಾದ ಒಣ ಹವೆಯಲ್ಲಿ ಅದು ಬಹಳ ಕಡಿಮೆ. ಆದ್ದರಿಂದ ಕೆಲವು ವಾರ ಮನೆಯನ್ನು ಖಾಲಿ ಬಿಡುವುದರಿಂದ ತಿಗಣೆಗಳು ನಾಶವಾಗುತ್ತವೆ ಎಂದು ಭಾವಿಸುವುದು ಸರಿಯಲ್ಲ.

ಹರಡುವಿಕೆ

ತಿಗಣೆಗಳು ಹಗಲಿನಲ್ಲಿ ಸಂದುಗಳಲ್ಲಿ ಗುಂಪಾಗಿ ಅಡಗಿರುತ್ತವೆ. ಮಲ ಮತ್ತು ಪೊರೆಗಳಲ್ಲಿರುವ ಹಿಸ್ಟಮೀನ್ ಸೇರಿದಂತೆ ಕೆಲವು ರಾಸಾಯನಿಕಗಳು ಅವುಗಳನ್ನು ಒಂದೆಡೆ ಸೇರಿಸುತ್ತವೆ. ಅವು ಹಾರಲಾರವು, ನೆಗೆಯಲಾರವು. ದೂರದ ಊರುಗಳನ್ನು ತಲುಪುವುದು ಮನುಷ್ಯರ ಸಾಮಾನು ಸರಂಜಾಮುಗಳ ಮೂಲಕ. ಪ್ರಯಾಣದ ಚೀಲ, ಹಾಸಿಗೆಯ ಸುರುಳಿ, ಹಳೆಯ ಮಂಚ, ಬಸ್ಸು ಮತ್ತು ರೈಲಿನ ಆಸನಗಳು, ಚಿತ್ರಮಂದಿರದ ಕುರ್ಚಿಗಳು, ವಿದ್ಯಾರ್ಥಿನಿಲಯ ಹಾಗೂ ವಸತಿಗೃಹಗಳು ಅವುಗಳ ಸಾಮಾನ್ಯ ಮಾರ್ಗಗಳಾಗಿವೆ.

ಅಮೆರಿಕದ ಬಹುಮಹಡಿ ವಸತಿ ಕಟ್ಟಡಗಳಲ್ಲಿ ನಡೆದ ಆನುವಂಶಿಕ ಅಧ್ಯಯನಗಳು, ಒಂದು ಮನೆಯಲ್ಲಿರುವ ತಿಗಣೆಗಳು ಪರಸ್ಪರ ಅತಿ ಹತ್ತಿರದ ಸಂಬಂಧಿಗಳು ಎಂದು ತೋರಿಸಿವೆ. ಒಂದು ಗರ್ಭಿತ ಹೆಣ್ಣು ಅಥವಾ ಕೆಲವೇ ತಿಗಣೆಗಳಿಂದ ಇಡೀ ಸಂತತಿ ಆರಂಭವಾಗಿರುವುದನ್ನು ಇದು ಸೂಚಿಸುತ್ತದೆ. ಇಂತಹ ನಿಕಟ ಒಳಸಂತಾನದಿಂದ ಅನೇಕ ಪ್ರಾಣಿಗಳು ದುರ್ಬಲವಾಗುತ್ತವೆ. ತಿಗಣೆಗಳು ಅದನ್ನು ಬಹುಮಟ್ಟಿಗೆ ಸಹಿಸಿಕೊಳ್ಳುತ್ತವೆ. ಮನೆಯಲ್ಲಿ ತಿಗಣೆಗಳಿರುವುದು ಅಲ್ಲಿನವರ ಶುಚಿತ್ವದ ಕೊರತೆಯನ್ನು ಸೂಚಿಸುವುದಿಲ್ಲ. ಅವುಗಳಿಗೆ ಬೇಕಾಗಿರುವುದು ರಕ್ತ ಮತ್ತು ಅಡಗುತಾಣ ಮಾತ್ರ. ಸಾಮಾನುಗಳು ಕಿಕ್ಕಿರಿದ ಕೋಣೆಯು ಅಡಗುತಾಣಗಳನ್ನು ಹೆಚ್ಚಿಸುತ್ತದೆ ಎಂಬುದಷ್ಟೇ ನಿಜ.

ಅಧ್ಯಯನದ ಇತಿಹಾಸ

ಹೆಣ್ಣು ತಿಗಣೆಯ ಉದರದಲ್ಲಿರುವ ವಿಚಿತ್ರ ಅಂಗವನ್ನು ಇಟಲಿಯ ಕೀಟಶಾಸ್ತ್ರಜ್ಞರಾದ ಕೊಸ್ಟಾಂಟಿನೊ ರಿಬಾಗಾ 1897ರಲ್ಲಿಯೂ ಆಂಟೋನಿಯೊ ಬೆರ್ಲೇಸೆ 1898ರಲ್ಲಿಯೂ ವರ್ಣಿಸಿದರು. ಅವರ ಹೆಸರಿನಿಂದಲೇ ಅದು ಬಹುಕಾಲ ರಿಬಾಗಾ ಅಂಗ, ಬೆರ್ಲೇಸೆ ಅಂಗ ಎಂದು ಪರಿಚಿತವಾಗಿತ್ತು. ಗಂಡು ಹೆಣ್ಣಿನ ಉದರವನ್ನು ಚುಚ್ಚುವ ಸಂಗತಿಯನ್ನು ಸ್ಪಷ್ಟಪಡಿಸಿದವರಲ್ಲಿ ಮೊದಲಿಗರು ಡಬ್ಲ್ಯೂ. ಎಸ್. ಪ್ಯಾಟನ್ ಮತ್ತು ಎಫ್. ಡಬ್ಲ್ಯೂ. ಕ್ರ್ಯಾಗ್. ಮದ್ರಾಸಿನ ಗಿಂಡಿಯಲ್ಲಿರುವ ಕಿಂಗ್ ಸಂಸ್ಥೆಯಲ್ಲಿ ಕಾರ್ಯನಿರ್ವಹಿಸಿದ ಈ ಇಬ್ಬರ ವೈದ್ಯಕೀಯ ಕೀಟಶಾಸ್ತ್ರದ ಪಠ್ಯಗ್ರಂಥವು 1913ರಲ್ಲಿ ಪ್ರಕಟವಾಯಿತು. ಕಾಲಾ ಅಜಾರ್ ರೋಗವನ್ನು ತಿಗಣೆಯು ಹರಡುತ್ತದೆ ಎಂದು ಪ್ಯಾಟನ್ ಭಾವಿಸಿದ್ದುದು ತಿಗಣೆಗಳ ಮೇಲಿನ ಅವರ ಆಸಕ್ತಿಗೆ ಕಾರಣವಾಗಿತ್ತು. ಆ ರೋಗವನ್ನು ಹರಡುವುದು ಮರಳುನೊಣವೆಂದು ಮುಂದೆ ಸಿದ್ಧವಾಯಿತು. ತಿಗಣೆಗಳು ಸಹಜ ಸ್ಥಿತಿಯಲ್ಲಿ ಮನುಷ್ಯರಿಗೆ ರೋಗ ಹರಡುವುದು ಇದುವರೆಗೂ ದೃಢಪಟ್ಟಿಲ್ಲ. ಆದರೂ ಅವುಗಳ ಕಡಿತದಿಂದ ತುರಿಕೆ, ನಿದ್ರಾಭಂಗ ಹಾಗೂ ಮಾನಸಿಕ ಕಳವಳಗಳು ಉಂಟಾಗುತ್ತವೆ.

ಫ್ರಾನ್ಸಿನ ಜಾಕ್ ಕಾರಯೋನ್ ಈ ಕುಟುಂಬದ ವೀರ್ಯಸೇಚನೆಯ ಕುರಿತು ವಿಸ್ತೃತ ಅಧ್ಯಯನ ನಡೆಸಿದರು. ಅಮೆರಿಕದ ರಾಬರ್ಟ್ ಉಸಿಂಗರ್ 1966ರಲ್ಲಿ ಪ್ರಕಟಿಸಿದ ಸೈಮಿಸಿಡೇ ಕುಟುಂಬದ ಕುರಿತ ಗ್ರಂಥವು ಇಂದಿಗೂ ಮೂಲಭೂತ ಆಕರವಾಗಿದೆ.

ನಿಯಂತ್ರಣದೊಂದಿಗೆ ಸಂಬಂಧ

ಎರಡನೆಯ ಮಹಾಯುದ್ಧದ ನಂತರ ಡಿಡಿಟಿಯ ಬಳಕೆಯಿಂದ ಅನೇಕ ದೇಶಗಳಲ್ಲಿ ತಿಗಣೆಗಳು ವಿರಳವಾದವು. ಆದರೆ ಹವಾಯಿಯ ಪರ್ಲ್ ಹಾರ್ಬರ್‌ನಲ್ಲಿ 1947ರಷ್ಟು ಹಿಂದೆಯೇ ಡಿಡಿಟಿಗೆ ನಿರೋಧಕತೆ ಪಡೆದ ತಿಗಣೆಗಳು ಕಂಡುಬಂದವು. ಇಂದು ಪೈರೆಥ್ರಾಯ್ಡ್ ಕೀಟನಾಶಕಗಳಿಗೂ ನಿರೋಧಕತೆ ವ್ಯಾಪಕವಾಗಿದೆ. 1990ರ ದಶಕದ ಕೊನೆಯಿಂದ ಜಗತ್ತಿನಾದ್ಯಂತ ತಿಗಣೆಗಳ ಹಾವಳಿ ಮರುಕಳಿಸಲು ಇದು ಒಂದು ಪ್ರಮುಖ ಕಾರಣವಾಗಿದೆ.

ನಿರೋಧಕತೆ ಇಲ್ಲದ ಕಡೆಯಲ್ಲಿಯೂ ಒಂದೇ ಬಾರಿಯ ಸಿಂಪಡಣೆ ಸಾಕಾಗುವುದಿಲ್ಲ. ಸಂದಿನೊಳಗೆ ಚಿಪ್ಪಿನ ರಕ್ಷಣೆಯಲ್ಲಿರುವ ಮೊಟ್ಟೆಗಳಿಗೆ ಅನೇಕ ಕೀಟನಾಶಕಗಳು ತಗಲುವುದಿಲ್ಲ. ಪುಡಿರೂಪದ ನಾಶಕಗಳು ಓಡಾಡುವ ತಿಗಣೆಗಳ ಮೇಲಷ್ಟೇ ಕೆಲಸ ಮಾಡುತ್ತವೆ. ಸುಮಾರು ಎರಡು ವಾರಗಳ ನಂತರ ಎರಡನೆಯ ಬಾರಿ ಉಪಚಾರ ನಡೆಸುವ ಕ್ರಮಕ್ಕೆ ಇದೇ ಆಧಾರ: ಅಷ್ಟರಲ್ಲಿ ಉಳಿದ ಮೊಟ್ಟೆಗಳು ಒಡೆದಿರುತ್ತವೆ, ಆದರೆ ಹೊಸ ಮರಿಗಳು ಪ್ರೌಢವಾಗಿ ಮೊಟ್ಟೆಯಿಡುವ ಹಂತವನ್ನು ತಲುಪಿರುವುದಿಲ್ಲ.

ಶಾಖವು ಎಲ್ಲ ಹಂತಗಳನ್ನೂ ಕೊಲ್ಲುತ್ತದೆ. ಪ್ರಯೋಗಗಳ ಪ್ರಕಾರ 48 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪ್ರೌಢ ತಿಗಣೆಗಳು ಸುಮಾರು 20 ನಿಮಿಷಗಳಲ್ಲಿ ಸಾಯುತ್ತವೆ. ಮೊಟ್ಟೆಗಳಿಗೆ ಒಂದು ಗಂಟೆಗೂ ಹೆಚ್ಚು ಕಾಲ ಬೇಕು. ಮಂಚದ ಸಂದುಗಳಿಗೆ ಕುದಿಯುವ ನೀರನ್ನು ಸುರಿಯುವ ಹಾಗೂ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯುವ ಹಳೆಯ ಪದ್ಧತಿಗಳು, ನೀರು ತಲುಪಿದೆಡೆಯಲ್ಲಿ, ಈ ಕಾರಣದಿಂದ ಪರಿಣಾಮಕಾರಿಯಾಗಿವೆ. ಹಾಸಿಗೆಯನ್ನು ಬಿಸಿಲಿಗೆ ಹಾಕಿದಾಗ ಅದರ ಒಳಭಾಗವು ಅಷ್ಟು ಬಿಸಿಯಾಗುವುದಿಲ್ಲ. ತಿಗಣೆಗಳು ನೆರಳಿನ ಬದಿಗೆ ಸರಿಯುತ್ತವೆ, ಮೊಟ್ಟೆಗಳು ಉಳಿದುಕೊಳ್ಳುತ್ತವೆ. ತೊಳೆಯಲಾಗದ ಸಣ್ಣ ವಸ್ತುಗಳನ್ನು ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿನ ಶೈತ್ಯದಲ್ಲಿ ನಾಲ್ಕು ದಿನ ಇಡುವುದು ಇನ್ನೊಂದು ವಿಧಾನ.

ಸೀಮೆಎಣ್ಣೆಯನ್ನು ಹಚ್ಚುವುದು ಬೆಂಕಿಯ ಅಪಾಯವನ್ನು ತರುತ್ತದೆ. ಧಾನ್ಯಗಳ ಸಂಗ್ರಹಣೆಯಲ್ಲಿ ಬಳಸುವ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಗಳನ್ನು ಮಲಗುವ ಕೋಣೆಗಳಲ್ಲಿ ಇಡುವುದು ಪ್ರಾಣಾಪಾಯಕಾರಿ. ಅವುಗಳಿಂದ ಹೊರಬರುವ ಫಾಸ್ಫೀನ್ ಅನಿಲವು ಪಕ್ಕದ ಕೋಣೆಗಳಲ್ಲಿರುವವರನ್ನೂ ಕೊಲ್ಲಬಲ್ಲದು. ಸಂದುಗಳನ್ನು ಮುಚ್ಚುವುದು, ಹಾಸಿಗೆಗೆ ಪೂರ್ಣ ಹೊದಿಕೆ ಹಾಕುವುದು, ಶಾಖದ ಉಪಚಾರ ಹಾಗೂ ನಿಗದಿತ ಅಂತರದಲ್ಲಿ ಮರುಪರಿಶೀಲನೆ ಇವೆಲ್ಲವನ್ನೂ ಒಟ್ಟುಗೂಡಿಸಿದ ಕ್ರಮವನ್ನು ಸಮಗ್ರ ಕೀಟ ನಿರ್ವಹಣೆ ಎನ್ನುತ್ತಾರೆ. ಉಳಿದುಕೊಂಡ ಒಂದೇ ಗರ್ಭಿತ ಹೆಣ್ಣಿನಿಂದ ಚಕ್ರವು ಮತ್ತೆ ಆರಂಭವಾಗಬಲ್ಲದಾದ್ದರಿಂದ, ಕೊನೆಯ ತಿಗಣೆ ಕಂಡ ನಂತರವೂ ಹಲವು ವಾರಗಳ ಕಾಲ ಈ ಪರಿಶೀಲನೆಯನ್ನು ಮುಂದುವರಿಸಬೇಕಾಗುತ್ತದೆ.